ಮೂರೆಳೆಯ ಹುರಿಯನ್ನು ಕಂಡ ಜಿ. ಎನ್. ರಾಮಚಂದ್ರನ್

ಮಕ್ಕಳೇ, ಸಮುದ್ರದಲ್ಲಿ ಬೆಳೆಯುವ ಕಂದು ಬಣ್ಣದ ಪಾಚಿಯಿಂದ ಸೋಡಿಯಂ ಆಲ್ಜಿನೇಟ್ ಎಂಬ ಪುಡಿಯನ್ನು ತೆಗೆಯುತ್ತಾರೆ. ಅದನ್ನು ನೀರಿನಲ್ಲಿ ಕಲಸಿದರೆ ಗಂಜಿಯಂತೆ ಮಂದವಾಗುತ್ತದೆ. ಆ ಗಂಜಿಯನ್ನು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದ ನೀರಿಗೆ ಹನಿ ಹನಿಯಾಗಿ ಬಿಟ್ಟರೆ, ಪ್ರತಿ ಹನಿಯೂ ಬೆಂದ ಸಬ್ಬಕ್ಕಿಯಂತೆ ಮೆತ್ತನೆಯ ಗುಂಡಾಗುತ್ತದೆ. ಗಾಯದ ಪಟ್ಟಿ ತಯಾರಿಸಲು ಆಲ್ಜಿನೇಟ್ ಬಳಕೆಯಲ್ಲಿದೆ. ಪ್ರಯೋಗಾಲಯಗಳಲ್ಲಿ ಇಂಥ ಗುಂಡಿನೊಳಗೆ ಜೀವಕೋಶಗಳನ್ನು ಇಟ್ಟು ಬೆಳೆಸುವುದೂ ಉಂಟು.

ಆದರೆ ಒಂದು ತೊಡಕಿದೆ. ನಮ್ಮ ದೇಹದ ಜೀವಕೋಶಗಳಿಗೆ ಪಾಚಿಯ ಈ ವಸ್ತುವಿನಲ್ಲಿ ಹಿಡಿದುಕೊಳ್ಳಲು ಜಾಗ ಸಿಗುವುದಿಲ್ಲ. ಅದಕ್ಕಾಗಿ ವಿಜ್ಞಾನಿಗಳು ಹಲವು ಬಾರಿ ಅದರ ಜೊತೆಗೆ ಕೊಲ್ಯಾಜೆನ್ ಎಂಬ ಪ್ರೋಟೀನನ್ನು ಬೆರೆಸುತ್ತಾರೆ. ನಮ್ಮ ಚರ್ಮ, ಮೂಳೆಗಳನ್ನು ಗಟ್ಟಿಯಾಗಿ ಹಿಡಿದಿರುವುದು ಇದೇ ಕೊಲ್ಯಾಜೆನ್. ಅದರ ಕೆಲವು ಜಾಗಗಳನ್ನು ಗುರುತಿಸಿ ಜೀವಕೋಶಗಳು ಅಂಟಿಕೊಳ್ಳುತ್ತವೆ. ಹೀಗೆ ಗುರುತು ಹಿಡಿಯಬೇಕಾದರೆ ಕೊಲ್ಯಾಜೆನ್‌ಗೆ ಸರಿಯಾದ ಆಕಾರ ಇರಬೇಕು. ಆ ಆಕಾರವನ್ನು ಜಗತ್ತಿಗೆ ತೋರಿಸಿಕೊಟ್ಟವರು ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್.

ಅವರು ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಕೇರಳದ ಎರ್ನಾಕುಲಂನಲ್ಲಿ. ತಂದೆ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರು. ಮನೆಯಲ್ಲೇ ಗಣಿತದ ರುಚಿ ಹತ್ತಿತು. ತಿರುಚಿನಾಪಳ್ಳಿಯಲ್ಲಿ ಭೌತವಿಜ್ಞಾನದ ಪದವಿ ಮುಗಿಸಿ, 1942ರಲ್ಲಿ ಬೆಂಗಳೂರಿಗೆ ಬಂದರು. ಟಿ. ದಾಸರಹಳ್ಳಿಯಿಂದ ತುಮಕೂರು ರಸ್ತೆ ಹಿಡಿದು ಪೀಣ್ಯ, ಗೊರಗುಂಟೆಪಾಳ್ಯ ದಾಟಿ ಯಶವಂತಪುರಕ್ಕೆ ಬಂದರೆ, ಅಲ್ಲಿಗೆ ಹತ್ತಿರದಲ್ಲೇ ಮರಗಳಿಂದ ತುಂಬಿದ ದೊಡ್ಡ ಆವರಣವಿದೆ. ಅದೇ ಭಾರತೀಯ ವಿಜ್ಞಾನ ಸಂಸ್ಥೆ. ಊರವರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್.

ರಾಮಚಂದ್ರನ್ ಅಲ್ಲಿಗೆ ಸೇರಿದ್ದು ವಿದ್ಯುತ್ ಎಂಜಿನಿಯರಿಂಗ್ ಕಲಿಯಲು. ಆದರೆ ಮನಸ್ಸೆಲ್ಲ ಭೌತವಿಜ್ಞಾನದ ಕಡೆಗೇ ಇತ್ತು. ಆಗ ಭೌತವಿಜ್ಞಾನ ವಿಭಾಗದಲ್ಲಿದ್ದವರು ನೊಬೆಲ್ ಬಹುಮಾನ ಪಡೆದ ಸರ್ ಸಿ. ವಿ. ರಾಮನ್. ಈ ಹುಡುಗನ ಬುದ್ಧಿಯನ್ನು ಗುರುತಿಸಿ ತಮ್ಮ ವಿಭಾಗಕ್ಕೆ ಸೇರಿಸಿಕೊಂಡರು. ಹರಳುಗಳ ಮೇಲೆ ಕ್ಷ-ಕಿರಣ ಹಾಯಿಸಿ ಒಳಗಿನ ರಚನೆಯನ್ನು ತಿಳಿಯುವ ವಿದ್ಯೆ ರಾಮಚಂದ್ರನ್ ಅವರ ಕೈಗೆ ಬಂದದ್ದು ಇಲ್ಲೇ. ಮುಂದೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎರಡು ವರ್ಷ ಓದಿ, 1949ರಲ್ಲಿ ಬೆಂಗಳೂರಿಗೆ ಮರಳಿದರು. 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಅವರನ್ನು ಪ್ರಾಧ್ಯಾಪಕರಾಗಿ ಕರೆಯಿತು. ಆಗ ಅವರಿಗೆ ಸುಮಾರು 30 ವರ್ಷ.

ಅದು ಹೊಸ ವಿಭಾಗ. ಯಾವ ವಿಷಯ ಹಿಡಿಯುವುದು ಎಂದು ಯೋಚಿಸುತ್ತಿದ್ದಾಗ, ಮದ್ರಾಸಿಗೆ ಬಂದಿದ್ದ ಬ್ರಿಟಿಷ್ ವಿಜ್ಞಾನಿ ಜೆ. ಡಿ. ಬರ್ನಾಲ್ ಅವರು ಕೊಲ್ಯಾಜೆನ್‌ನ ರಚನೆ ಇನ್ನೂ ಬಗೆಹರಿದಿಲ್ಲ ಎಂದು ತಿಳಿಸಿದರು. ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯೂ ಮದ್ರಾಸಿನಲ್ಲೇ ಇತ್ತು. ಚರ್ಮವೆಂದರೆ ಬಹುಪಾಲು ಕೊಲ್ಯಾಜೆನ್ ತಾನೆ! ರಾಮಚಂದ್ರನ್ ಮತ್ತು ಅವರ ಜೊತೆಗಾರ ಗೋಪಿನಾಥ್ ಕರ್ತಾ ಹಲವು ಮಾದರಿಗಳಿಗೆ ಕ್ಷ-ಕಿರಣ ಹಾಯಿಸಿ ನೋಡಿದರು. ಚೆನ್ನಾದ ಚಿತ್ರ ಕೊಟ್ಟದ್ದು ಕಾಂಗರೂ ಬಾಲದ ನಾರು!

ಚಿತ್ರದಲ್ಲಿ ಕಂಡದ್ದು ಬರೀ ಕಪ್ಪು ಚುಕ್ಕೆ, ಮಸುಕು ಗೆರೆಗಳು. ಅವುಗಳಿಂದ ಅಣುವಿನ ಆಕಾರವನ್ನು ಊಹಿಸಬೇಕು. ಕೊಲ್ಯಾಜೆನ್‌ನಲ್ಲಿ ಸುಮಾರು ಮೂರನೆಯ ಒಂದು ಭಾಗ ಗ್ಲೈಸೀನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲ ಎಂಬುದು ಗೊತ್ತಿತ್ತು. ಇದೇ ಸುಳಿವಾಯಿತು. ಮೂರು ಎಳೆಗಳು ಒತ್ತಾಗಿ ಕೂಡಿದರೆ ನಡುವೆ ಜಾಗ ಬಲು ಕಡಿಮೆ. ಅಲ್ಲಿಗೆ ಹಿಡಿಸುವುದು ಗ್ಲೈಸೀನ್ ಮಾತ್ರ. ಹಾಗಾಗಿ ಪ್ರತಿ ಎಳೆಯಲ್ಲೂ ಮೂರಕ್ಕೊಂದು ಗ್ಲೈಸೀನ್ ಇರಬೇಕು! 1954ರಲ್ಲಿ ಈ ಮೂರೆಳೆಯ ರಚನೆ ನೇಚರ್ ಪತ್ರಿಕೆಯಲ್ಲಿ ಅಚ್ಚಾಯಿತು. ಮರುವರ್ಷ ಅದನ್ನು ತಿದ್ದಿ, ಸುರುಳಿಯಾದ ಮೂರು ಎಳೆಗಳು ತೆಂಗಿನ ನಾರಿನ ಹಗ್ಗ ಹೊಸೆದ ಹಾಗೆ ಒಂದರ ಸುತ್ತ ಒಂದು ಹೊಸೆದುಕೊಂಡಿವೆ ಎಂದು ತೋರಿಸಿದರು. ಚಂದ್ರ ತನ್ನ ಒಂದೇ ಮುಖವನ್ನು ಭೂಮಿಗೆ ತೋರಿಸುತ್ತಾ ಸುತ್ತುವುದನ್ನು ನೆನೆದಾಗ ಈ ಯೋಚನೆ ಹೊಳೆಯಿತಂತೆ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಅದೇ 1955ರಲ್ಲಿ, ಡಿ.ಎನ್.ಎ. ರಚನೆಯಿಂದ ಹೆಸರಾಗಿದ್ದ ಫ್ರಾನ್ಸಿಸ್ ಕ್ರಿಕ್, ಅಲೆಕ್ಸಾಂಡರ್ ರಿಚ್ ಜೊತೆ ಸೇರಿ ಆಕ್ಷೇಪ ಎತ್ತಿದರು. ಮೂರು ಎಳೆ ಎಂಬುದನ್ನು ಅವರೂ ಒಪ್ಪಿದರು. ಆದರೆ ಮದ್ರಾಸಿನವರ ಮಾದರಿಯಲ್ಲಿ ಕೆಲವು ಪರಮಾಣುಗಳು ತೀರ ಹತ್ತಿರ ಬಂದಿವೆ, ಅಷ್ಟು ಹತ್ತಿರ ಇರಲಾರವು ಎಂದರು. ಎಳೆಗಳನ್ನು ಬಿಗಿಯುವ ಹೈಡ್ರೊಜನ್ ಬಂಧಗಳು ಮೂರು ಅಮೈನೋ ಆಮ್ಲಗಳಿಗೆ ಎರಡಲ್ಲ, ಒಂದೇ ಎಂದೂ ಹೇಳಿದರು. ದೊಡ್ಡ ಹೆಸರಿನವರ ಮಾತು. ರಾಮಚಂದ್ರನ್‌ರಿಗೆ ಬಹಳ ನೋವಾಯಿತು.

ಹಾಗಾದರೆ ಎರಡು ಪರಮಾಣುಗಳು ನಿಜವಾಗಿ ಎಷ್ಟು ಹತ್ತಿರ ಬರಬಲ್ಲವು? ಇದನ್ನೇ ಹಿಡಿದು ಹೊರಟರು. ಆವರೆಗೆ ಪ್ರಕಟವಾಗಿದ್ದ ಹರಳುಗಳ ರಚನೆಗಳನ್ನು ಹುಡುಕಿ ಹುಡುಕಿ ದೂರಗಳನ್ನು ಪಟ್ಟಿ ಮಾಡಿದರು. ಹಿಂದೆ ಅಂದುಕೊಂಡಿದ್ದಕ್ಕಿಂತ ಹತ್ತಿರವಿದ್ದ ಜೋಡಿಗಳೂ ಸಿಕ್ಕವು. ಆಮೇಲೆ ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಅವರೊಡನೆ ಇನ್ನೂ ದೊಡ್ಡ ಲೆಕ್ಕಕ್ಕೆ ಕೈ ಹಾಕಿದರು. ಪ್ರೋಟೀನಿನ ಸರಪಳಿಯಲ್ಲಿ ಪ್ರತಿ ಅಮೈನೋ ಆಮ್ಲಕ್ಕೂ ಬಾಗಿಲಿನ ಕೀಲಿನಂತೆ ತಿರುಗುವ ಎರಡು ಜಾಗಗಳಿವೆ. ಯಾವ ಕೋನಕ್ಕೆ ತಿರುಗಿಸಿದರೆ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಯಾವುದಕ್ಕೆ ಹೊಡೆಯುವುದಿಲ್ಲ? ಮೇಜಿನ ಮೇಲಿನ ಲೆಕ್ಕದ ಯಂತ್ರದಲ್ಲಿ ಒಂದೊಂದೇ ಕೋನವನ್ನು ಲೆಕ್ಕ ಹಾಕಿ ಗುರುತಿಸುತ್ತಾ ಹೋದರು. ಕೊನೆಗೆ ಚೌಕದ ಹಾಳೆಯಲ್ಲಿ ಒಂದು ನಕ್ಷೆ ಮೂಡಿತು. ಅದರ ಬಹುಭಾಗ ನಿಷಿದ್ಧ, ಕೆಲವೇ ಜಾಗಗಳಲ್ಲಿ ಪ್ರೋಟೀನಿಗೆ ಪ್ರವೇಶ!

1963ರಲ್ಲಿ ಪ್ರಕಟವಾದ ಇದು ರಾಮಚಂದ್ರನ್ ನಕ್ಷೆ ಎಂದು ಹೆಸರಾಗಿದೆ. ಇಂದಿಗೂ ಹೊಸ ಪ್ರೋಟೀನಿನ ರಚನೆ ಕಂಡುಹಿಡಿದವರು ಅದು ಸರಿಯೇ ಎಂದು ಈ ನಕ್ಷೆಯ ಮೇಲಿಟ್ಟು ನೋಡುತ್ತಾರೆ. ನನ್ನ ಮಟ್ಟಿಗೆ, ಮೂರೆಳೆಗಿಂತ ದೊಡ್ಡ ಕೆಲಸ ಇದೇ.

1971ರಲ್ಲಿ ಬೆಂಗಳೂರಿನ ಅದೇ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಅವರು ಕಟ್ಟಿದ ಅಣು ಜೈವಿಕ ಭೌತವಿಜ್ಞಾನ ಘಟಕ ಆರಂಭವಾಯಿತು. ಅದೇ ವರ್ಷ ಎ. ವಿ. ಲಕ್ಷ್ಮೀನಾರಾಯಣನ್ ಜೊತೆ, ಕ್ಷ-ಕಿರಣಗಳಿಂದ ದೇಹದ ಒಳಚಿತ್ರ ರಚಿಸುವ ಹೊಸ ಗಣಿತದ ವಿಧಾನವನ್ನೂ ಕೊಟ್ಟರು. ಸಿ.ಟಿ. ಸ್ಕ್ಯಾನ್‌ಗೆ ಅದು ಉಪಯೋಗವಾಯಿತು. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು. ನೊಬೆಲ್ ಬರಲಿಲ್ಲ.

1994ರಲ್ಲಿ ಅಮೆರಿಕದ ವಿಜ್ಞಾನಿಗಳು ಕೊಲ್ಯಾಜೆನ್‌ನಂಥದೇ ಒಂದು ಚಿಕ್ಕ ಅಣುವಿನ ಹರಳು ಬೆಳೆಸಿ ಸ್ಪಷ್ಟವಾಗಿ ನೋಡಿದರು. ಮೂರು ಎಳೆಗಳು ಹಗ್ಗದಂತೆ ಹೊಸೆದುಕೊಂಡೇ ಇದ್ದವು. ನೇರವಾದ ಹೈಡ್ರೊಜನ್ ಬಂಧದ ವಿಷಯದಲ್ಲಿ ಮಾತ್ರ ಕ್ರಿಕ್ ಹೇಳಿದ್ದೇ ಸರಿ. ಜೊತೆಗೆ ನೀರಿನ ಅಣುಗಳೂ ಎಳೆಗಳ ನಡುವೆ ಸೇತುವೆಯಂತೆ ನಿಂತಿದ್ದವು. ನೀರಿನ ಈ ಪಾತ್ರವನ್ನು ರಾಮಚಂದ್ರನ್ 1968ರಲ್ಲೇ ಸೂಚಿಸಿದ್ದರು.

ಈ ಸುದ್ದಿ ಬರುವ ಹೊತ್ತಿಗೆ ಅವರಿಗೆ 70 ದಾಟಿತ್ತು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ಅವರು ತೀರಿಕೊಂಡರು.