ಸಾಮ್ರಾಟ್ ಅಶೋಕರ ಅಡುಗೆಮನೆ

 

ಶಿಡ್ಲಘಟ್ಟದ ಕಡೆ ರೀಲಿಂಗ್ ಕೆಲಸಕ್ಕೆ ಹೋಗುವ ಅಕ್ಕತಂಗಿಯರಿಗೆ ಪಂಚಶೀಲದ ಮೊದಲ ಶೀಲ ಹೇಳುವಾಗಲೇ ಒಂದು ಅಳುಕು. ಗೂಡು ಬಿಸಿನೀರಿಗೆ ಬಿದ್ದರೆ ಒಳಗಿನ ಹುಳು ಬದುಕುವುದಿಲ್ಲ. ಹಾಗಾದರೆ ನಾವು ಶೀಲ ಮುರಿದೆವಾ? ಇವತ್ತು ಈ ಪ್ರಶ್ನೆ ಇಟ್ಟುಕೊಂಡು ಅಶೋಕರ ಬದುಕನ್ನು ನೋಡೋಣ.

ಗಿಡ ಬಿಸಿಲಿನಿಂದ ತನ್ನ ಅನ್ನ ತಾನೇ ಮಾಡಿಕೊಳ್ಳುತ್ತದೆ. ನಮಗೆ ಆ ಶಕ್ತಿ ಇಲ್ಲ. ಹಿಪ್ಪುನೇರಳೆ ಸೊಪ್ಪನ್ನು ರೇಷ್ಮೆಹುಳು ತಿನ್ನುತ್ತದೆ, ಆ ಹುಳುವನ್ನು ಊಜಿ ನೊಣದ ಮರಿ ಒಳಗಿನಿಂದಲೇ ತಿನ್ನುತ್ತದೆ. ಜೀವವನ್ನು ತಿಂದೇ ಜೀವ ಬದುಕಬೇಕು. ರಾಜನಿಗೂ ಇದರಿಂದ ಬಿಡುಗಡೆ ಇಲ್ಲ.

ಅಶೋಕರು ಬಿಂದುಸಾರರ ಮಗ, ಚಂದ್ರಗುಪ್ತ ಮೌರ್ಯರ ಮೊಮ್ಮಗ. ಪಟ್ಟಕ್ಕೆ ಬಂದ 8 ವರ್ಷಕ್ಕೆ ಕಳಿಂಗವನ್ನು ಗೆದ್ದರು. ಅಲ್ಲಿ 1 ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆ ಸಾಗಿಸಲಾಯಿತು. ಈ ಲೆಕ್ಕವನ್ನು ಬರೆದಿಟ್ಟವರು ಶತ್ರುಗಳಲ್ಲ. ತಮ್ಮ ತಪ್ಪನ್ನು ಅವರೇ ಬಂಡೆಯ ಮೇಲೆ ಕೆತ್ತಿಸಿದರು. ಇಂಥ ಇನ್ನೊಬ್ಬ ರಾಜನನ್ನು ನಾನಂತೂ ಕೇಳಿಲ್ಲ.

ಧಮ್ಮದ ಕಡೆ ತಿರುಗಿದ ಮೇಲೆ ಯಜ್ಞದ ಬಲಿ ನಿಲ್ಲಿಸಿದರು. ಆಮೇಲೆ ಕೈ ಹಾಕಿದ್ದು ಬಡವರ ಮಡಕೆಗಲ್ಲ, ತಮ್ಮದೇ ಅಡುಗೆಮನೆಗೆ. ಅರಮನೆಯ ಸಾರಿಗಾಗಿ ಮೊದಲು ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿಗಳು ಸಾಯುತ್ತಿದ್ದವಂತೆ. ಅದನ್ನು ಎರಡು ನವಿಲು, ಒಂದು ಜಿಂಕೆಗೆ ಇಳಿಸಿದರು. ಜಿಂಕೆಯೂ ದಿನಾ ಇಲ್ಲ. ಪೂರ್ತಿ ಬಿಟ್ಟೆ ಎಂದು ಸುಳ್ಳು ಬರೆಸಲಿಲ್ಲ. ಇನ್ನೂ ಮೂರು ಉಳಿದಿವೆ, ಮುಂದೆ ಅವೂ ಇರುವುದಿಲ್ಲ ಎಂದು ಬರೆಸಿದರು.

ಪಟ್ಟಕ್ಕೆ ಬಂದ 26 ವರ್ಷದ ಮೇಲೆ ಕಂಬಗಳ ಮೇಲೆ ಕೊಲ್ಲಬಾರದ ಪ್ರಾಣಿಗಳ ದೊಡ್ಡ ಪಟ್ಟಿಯನ್ನೇ ಹಾಕಿಸಿದರು. ಗಿಳಿ, ಮೈನಾ, ಬಾವಲಿ, ಆಮೆ, ಮುಳ್ಳುಹಂದಿ ಎಲ್ಲವೂ ಅದರಲ್ಲಿವೆ. ಗಬ್ಬದ ಮೇಕೆ, ಹಾಲೂಡಿಸುವ ಕುರಿ, ಆರು ತಿಂಗಳೊಳಗಿನ ಮರಿ ಕೊಲ್ಲಬಾರದು. ಹುಳುಹುಪ್ಪಟೆ ಇರುವ ಹೊಟ್ಟನ್ನು ಸುಡಬಾರದು. ಒಂದು ಜೀವಕ್ಕೆ ಇನ್ನೊಂದು ಜೀವವನ್ನು ತಂದು ಮೇವಾಗಿ ಹಾಕಬಾರದು. ನಾಲ್ಕು ಕಾಲಿನ ಪ್ರಾಣಿಗಳ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿ: ಬಳಕೆಗೂ ಬಾರದ, ತಿನ್ನಲೂ ಬಾರದ ಎಲ್ಲವನ್ನೂ ಕೊಲ್ಲಬಾರದು ಎಂದರು. ಜನರ ಊಟಕ್ಕೆ ಬೀಗ ಹಾಕಲಿಲ್ಲ.

ಬಾಬಾಸಾಹೇಬರು ಬುದ್ಧ ಮತ್ತು ಅವರ ಧಮ್ಮ ಗ್ರಂಥದಲ್ಲಿ ಅಹಿಂಸೆಯನ್ನು ವಿವರಿಸುವಾಗ, ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಬಯಕೆ ಬೇರೆ ಎಂದು ತೋರಿಸಿಕೊಟ್ಟಿದ್ದಾರೆ. ಕೂಲಿಗಾಗಿ ಬಿಸಿನೀರಲ್ಲಿ ಕೈ ಅದ್ದುವ ಅಕ್ಕನ ಮನಸ್ಸಿನಲ್ಲಿ ಯಾವುದಿದೆ ಎಂದು ನಾವು ಕೇಳಿಕೊಳ್ಳಬೇಕು. ಆ ಸೀರೆ ಉಟ್ಟು ಅವಳಿಗೆ ಅಹಿಂಸೆ ಬೋಧಿಸುವವರನ್ನೂ ಕೇಳಬೇಕು. ದಾಸರನ್ನು, ಆಳುಗಳನ್ನು ಸರಿಯಾಗಿ ನಡೆಸಿಕೊಳ್ಳುವುದನ್ನೂ ಅಶೋಕರು ಧಮ್ಮ ಎಂದೇ ಬರೆಸಿದ್ದರು.

ಜೀವಗಳ ಮೇಲೆ ದಯೆ ಇರಲಿ ಎನ್ನುವ ಅವರ ಶಾಸನ ನಮ್ಮ ನಾಡಿನ ಬ್ರಹ್ಮಗಿರಿಯಲ್ಲೇ ಇದೆ. ಅದು ಇರುವುದು ಮೊಳಕಾಲ್ಮೂರು ತಾಲೂಕಿನಲ್ಲಿ. ಅದೂ ರೇಷ್ಮೆ ಸೀರೆಗೆ ಹೆಸರಾದ ಊರೇ.