ಕತ್ತಲಲ್ಲೂ ಬಾಲಯೇಸುವಿನ ಕೈ ಬಿಡದ ಸಂತ ತೆರೇಸಾ



ಎದೆಗೊತ್ತಿಕೊಂಡ ಶಿಲುಬೆ, ಅದರ ತುಂಬ ಗುಲಾಬಿ ಹೂಗಳು, ಮೈಮೇಲೆ ಕಂದು ಬಣ್ಣದ ಮಠದ ಉಡುಪು. ಈ ಪಟ ನಿಮ್ಮಲ್ಲಿ ಬಹಳ ಜನರ ಮನೆಯಲ್ಲಿದೆ. ಆ ಮುಖ ನೋಡಿದರೆ ಈಕೆಗೆ ಯಾವ ಚಿಂತೆಯೂ ಇರಲಿಲ್ಲವೇನೋ ಅನ್ನಿಸುತ್ತೆ. ಆದರೆ ಬಾಲಯೇಸುವಿನ ಸಂತ ತೆರೇಸಾ ತಮ್ಮ ಕೊನೆಯ ಒಂದೂವರೆ ವರ್ಷ ಸ್ವರ್ಗ ಅನ್ನೋದು ಇದೆಯೋ ಇಲ್ಲವೋ ಎಂಬ ಸಂದೇಹದ ಜೊತೆ ಹೋರಾಡುತ್ತಲೇ ಪ್ರಾಣ ಬಿಟ್ಟವರು. ಹರಕೆಯ ಜೊತೆಗೆ ಮನಸ್ಸಿನಲ್ಲಿ ಸಂದೇಹವನ್ನೂ ಹೊತ್ತು ಈ ಬೆಟ್ಟ ಹತ್ತಿದವರು ಇದ್ದರೆ, ಅವರು ಇದನ್ನು ಓದಲಿ.

ತೆರೇಸಾ ಹುಟ್ಟಿದ್ದು 1873ರ ಜನವರಿ 2ರಂದು, ಫ್ರಾನ್ಸ್ ದೇಶದ ಅಲೆನ್ಸೋನ್ ಊರಿನಲ್ಲಿ. ತಂದೆ ಲೂಯಿ ಮಾರ್ಟಿನ್ ಗಡಿಯಾರ ರಿಪೇರಿ ಮಾಡುವವರು, ತಾಯಿ ಝೆಲಿ ಲೇಸ್ ಹೆಣೆಯುವವರು. ಉಳಿದ ಐದು ಹೆಣ್ಣುಮಕ್ಕಳಲ್ಲಿ ಇವಳೇ ಕೊನೆಯವಳು. ನಾಲ್ಕೂವರೆ ವರ್ಷಕ್ಕೇ ತಾಯಿ ತೀರಿಕೊಂಡರು. ಸಂಸಾರ ಲಿಸಿಯೂ ಪಟ್ಟಣಕ್ಕೆ ಬಂತು. ತಾಯಿಯಂತೆ ಸಾಕಿದ ಅಕ್ಕ ಪೌಲೀನ್ 1882ರಲ್ಲಿ ಅಲ್ಲಿನ ಕಾರ್ಮೆಲ್ ಮಠ ಸೇರಿದಾಗ, ಪಾಪ, ಮಗು ಮತ್ತೊಮ್ಮೆ ತಬ್ಬಲಿಯಾದಂತಾಯಿತು. ಮಾತು ಮಾತಿಗೂ ಅಳು. ಅತ್ತಿದ್ದಕ್ಕೆ ಬೇಜಾರಾಗಿ ಮತ್ತೆ ಅಳು.

ಇದೆಲ್ಲ ನಿಂತದ್ದು 1886ರ ಕ್ರಿಸ್ತಜಯಂತಿಯ ರಾತ್ರಿ. ಇನ್ನು ಎಂಟು ದಿನ ಕಳೆದರೆ ತೆರೇಸಾಗೆ 14 ತುಂಬುತ್ತಿತ್ತು. ಅಲ್ಲಿನ ಮಕ್ಕಳು ಆ ರಾತ್ರಿ ಅಗ್ಗಿಷ್ಟಿಕೆಯ ಹತ್ತಿರ ತಮ್ಮ ಬೂಟು ಇಡುತ್ತಾರೆ, ದೊಡ್ಡವರು ಅದರೊಳಗೆ ಉಡುಗೊರೆ ತುಂಬಿಸುತ್ತಾರೆ. ನಡುರಾತ್ರಿಯ ಬಲಿಪೂಜೆ ಮುಗಿಸಿ ಎಲ್ಲರೂ ಮನೆಗೆ ಬಂದರು. ಅಪ್ಪನಿಗೆ ಆಯಾಸವಾಗಿತ್ತು. ಬೂಟುಗಳನ್ನು ಕಂಡು, ಸದ್ಯ ಈ ಆಟಕ್ಕೆ ಇದೇ ಕೊನೆ ವರ್ಷ ಎಂಬಂತೆ ಗೊಣಗಿದರು. ಮೆಟ್ಟಿಲು ಹತ್ತುತ್ತಿದ್ದ ತೆರೇಸಾ ಕಿವಿಗೆ ಅದು ಬಿತ್ತು. ಕಣ್ಣು ತುಂಬಿತು. ಅಕ್ಕ ಸೆಲೀನ್ ಅದನ್ನು ಕಂಡು, ಈಗಲೇ ಕೆಳಗೆ ಹೋಗಬೇಡ ಎಂದು ತಡೆದಳು. ಆದರೆ ತೆರೇಸಾ ಕಣ್ಣೀರು ನುಂಗಿಕೊಂಡು ಇಳಿದು ಬಂದು, ಒಂದೊಂದೇ ಉಡುಗೊರೆ ತೆಗೆದು ನಗುನಗುತ್ತಾ ಅಪ್ಪನಿಗೆ ತೋರಿಸಿದಳು. ಅಪ್ಪನೂ ನಕ್ಕರು.

ಅಷ್ಟೇ ನಡೆದದ್ದು. ದೇವದೂತರು ಬರಲಿಲ್ಲ, ಬೆಳಕು ಮೂಡಲಿಲ್ಲ. ಹೊರಗಿನವರಿಗೆ ಇದೊಂದು ಸಂಗತಿಯೇ ಅಲ್ಲ. ಆದರೆ ತೆರೇಸಾಗೆ ಅದು ಜೀವನದ ದೊಡ್ಡ ಅದ್ಭುತ. ಗೋದಲಿಯಲ್ಲಿ ತಾನು ಬಲಹೀನ ಶಿಶುವಾಗಿ ಹುಟ್ಟಿದ ದೇವರು ಅದೇ ರಾತ್ರಿ ತನ್ನನ್ನು ಬಲವಂತಳನ್ನಾಗಿ ಮಾಡಿದರು ಅಂತ ಮುಂದೆ ಬರೆದಿಟ್ಟರು.

ಮರುವರ್ಷವೇ ಮಠ ಸೇರುವ ಹಟ. ವಯಸ್ಸು ಸಾಲದು ಅಂದರು. ರೋಮಾಪುರಿಗೆ ಹೋಗಿ ಜಗದ್ಗುರು 13ನೇ ಲಿಯೋ ಅವರ ಪಾದದ ಬಳಿ ಕುಳಿತು ಬೇಡಿದ್ದೂ ಆಯಿತು. ಕೊನೆಗೆ 1888ರ ಏಪ್ರಿಲ್ 9ರಂದು, 15ನೇ ವಯಸ್ಸಿನಲ್ಲಿ, ಕಾರ್ಮೆಲ್ ಬಾಗಿಲು ತೆರೆಯಿತು. ಅಲ್ಲಿ ಅವರಿಗೆ ಬಂದ ಹೆಸರಿನಲ್ಲೇ ಬಾಲಯೇಸು ಇದ್ದರು. ಒಳಾಂಗಣದ ಬಾಲಯೇಸುವಿನ ಪ್ರತಿಮೆಗೆ ಹೂವಿಟ್ಟು ಅಲಂಕರಿಸುವ ಕೆಲಸವೂ ಅವರದೇ ಆಯಿತು. ಅಪ್ಪ ಬುದ್ಧಿ ಸ್ಥಿಮಿತ ತಪ್ಪಿ ಮೂರು ವರ್ಷ ಆಸ್ಪತ್ರೆಯಲ್ಲಿದ್ದರು. ಆ ದುಃಖವನ್ನೂ ಅದೇ ಪ್ರತಿಮೆಯ ಮುಂದೆ ಇಟ್ಟರು.

1896ರ ಪವಿತ್ರ ಗುರುವಾರದ ರಾತ್ರಿ ತೆರೇಸಾ ಬಾಯಿಂದ ರಕ್ತ ಬಂತು. ಕ್ಷಯರೋಗ. ಬೇಗ ಸ್ವರ್ಗ ಸೇರುತ್ತೇನೆ ಅಂತ ಅವರಿಗೆ ಮೊದಲು ಸಂತೋಷವೇ ಆಯಿತಂತೆ. ಆದರೆ ಅದೇ ಪಾಸ್ಕ ದಿನಗಳಲ್ಲಿ ಮನಸ್ಸಿಗೆ ಕಗ್ಗತ್ತಲೆ ಕವಿಯಿತು. ದೇವರಿಲ್ಲ ಅನ್ನುವವರು ಸುಮ್ಮನೆ ಬಾಯಿಮಾತಿಗೆ ಹಾಗೆ ಹೇಳುತ್ತಾರೆ ಅಂತಲೇ ಅಲ್ಲಿಯವರೆಗೆ ಅವರು ತಿಳಿದಿದ್ದರು. ಈಗ ಅಂಥವರು ನಿಜವಾಗಿಯೂ ಇದ್ದಾರೆ ಅಂತ ತಮ್ಮೊಳಗಿನ ನೋವಿನಿಂದಲೇ ಗೊತ್ತಾಯಿತು. ಸತ್ತ ಮೇಲೆ ಬೆಳಕಲ್ಲ, ಏನೂ ಇಲ್ಲದ ಇನ್ನೂ ದಟ್ಟ ಕತ್ತಲೆಯೇ ಕಾದಿದೆ ಎಂದು ಯಾರೋ ಒಳಗೇ ಅಣಕಿಸಿದ ಹಾಗೆ.

ಅವರು ಮಾಡಿದ್ದೇನು? ವಿಶ್ವಾಸ ಪ್ರಮಾಣವನ್ನು ತಮ್ಮ ರಕ್ತದಲ್ಲೇ ಬರೆದು ಎದೆಯ ಹತ್ತಿರ ಇಟ್ಟುಕೊಂಡರು. ನಂಬಿಕೆಯಿಲ್ಲದವರನ್ನು ಬೈಯಲಿಲ್ಲ. ಅವರ ಪಂಕ್ತಿಯಲ್ಲೇ ಕುಳಿತು, ಅವರನ್ನು ಒಡಹುಟ್ಟಿದವರೆಂದು ಭಾವಿಸಿ, ಅವರಿಗೂ ಬೆಳಕು ಕೊಡು ಅಂತ ಬೇಡಿದರು. ಆ ವರ್ಷದ ಕ್ರಿಸ್ತಜಯಂತಿಗೆ ಮಠದ ಸಹೋದರಿಯರಿಗಾಗಿ ಬಾಲಯೇಸುವಿನ ಮೇಲೆ ಹಾಡನ್ನೂ ಬರೆದುಕೊಟ್ಟರು. ಹಾಡು ಕೇಳಿದವರಿಗೆ ಈ ತಂಗಿ ಎಷ್ಟು ಆನಂದದಲ್ಲಿದ್ದಾಳೆ ಅನ್ನಿಸಿರಬೇಕು. ಆದರೆ ತಾವು ಹಾಡಿದ್ದು ಅನುಭವಿಸಿದ್ದನ್ನಲ್ಲ, ನಂಬಬೇಕೆಂದು ಬಯಸಿದ್ದನ್ನು ಮಾತ್ರ ಅಂತ ಅವರೇ ಒಪ್ಪಿಕೊಂಡಿದ್ದಾರೆ. 1897ರ ಜೂನ್‌ನಲ್ಲಿ ಮಠದ ಮಾತೆಗಾಗಿ ಈ ಕತ್ತಲೆಯ ವಿಷಯ ಬರೆಯುತ್ತಾ, ಇನ್ನೂ ಬರೆದರೆ ದೇವದೂಷಣೆಯಾದೀತು ಅಂತ ಹೆದರಿ ಅಲ್ಲಿಗೇ ನಿಲ್ಲಿಸಿದರು.

ಕತ್ತಲೆ ಕೊನೆಯವರೆಗೂ ಪೂರ್ತಿ ಸರಿಯಲಿಲ್ಲ. 1897ರ ಸೆಪ್ಟೆಂಬರ್ 30ರ ಸಂಜೆ, 24ನೇ ವಯಸ್ಸಿನಲ್ಲಿ, ಕೈಯಲ್ಲಿ ಶಿಲುಬೆ ಹಿಡಿದೇ ತೀರಿಕೊಂಡರು.

ಮರುವರ್ಷ ಅವರ ಬರಹ ಪುಸ್ತಕವಾಗಿ ಲೋಕವೆಲ್ಲ ಹಬ್ಬಿತು. 1925ರ ಮೇ 17ರಂದು ಸಂತ ಪದವಿ ದೊರೆಯಿತು. 1997ರಲ್ಲಿ ಜಗದ್ಗುರು 2ನೇ ಜಾನ್ ಪೌಲರು ಅವರನ್ನು ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿದರು. 2015ರಲ್ಲಿ ತಂದೆತಾಯಿ ಇಬ್ಬರೂ ಸಂತರೆನಿಸಿದರು. ಕೋಲ್ಕತ್ತದ ಮದರ್ ತೆರೇಸಾ ತಮ್ಮ ಹೆಸರು ಆರಿಸಿಕೊಂಡದ್ದು ಈ ಸಂತಳಿಂದಲೇ. ಅವರೂ ಬಹಳ ವರ್ಷ ಇಂಥದೇ ಕತ್ತಲೆಯಲ್ಲಿ ನಡೆದರು ಅಂತ 2007ರಲ್ಲಿ ಅವರ ಪತ್ರಗಳು ಪ್ರಕಟವಾದಾಗ ಬಹಳ ಜನಕ್ಕೆ ತಿಳಿಯಿತು.

ಸಂತ ತೆರೇಸಾ ಅವರ ಹಬ್ಬ ಅಕ್ಟೋಬರ್ 1. ಗುಲಾಬಿ ತಂದು ಇಡುವ ವಾಡಿಕೆಯಿದೆ. ಹೂವು ಸಿಗದಿದ್ದರೆ ಬರಿಗೈಯಲ್ಲೂ ಬನ್ನಿ.