ಚಿತ್ರಕಾರನೂ ಅವನ ಮಗಳೂ

ರಾಜಾ ರವಿವರ್ಮನು 1848ರಲ್ಲಿ ತಿರುವಾಂಕೂರಿನ ಕಿಳಿಮಾನೂರಿನಲ್ಲಿ ಹುಟ್ಟಿದನು. 1870ರಲ್ಲಿ ನಮ್ಮ ಕರಾವಳಿಯ ಕೊಲ್ಲೂರಿಗೆ ಯಾತ್ರೆ ಬಂದು ಹಿಂದಿರುಗುವಾಗ, ಕಲ್ಲಿಕೋಟೆಯಲ್ಲಿ ಒಂದು ಕುಟುಂಬದ ಚಿತ್ರವನ್ನು ಬರೆದು ಮೊದಲನೆಯ ಸಂಭಾವನೆಯನ್ನು ಪಡೆದನು. ತರುವಾಯ ಮೈಸೂರು, ಬರೋಡೆ ಮುಂತಾದ ಅರಮನೆಗಳು ಆತನನ್ನು ಕರೆಯಲಾಗಿ, ಆತನು ಬಹುಕಾಲ ಮನೆಯಿಂದ ದೂರವಿರಬೇಕಾಯಿತು. 1891ರಲ್ಲಿ ಪತ್ನಿ ಭಾಗೀರಥಿಯು ತೀರಿಹೋದಳು.

1893ರಲ್ಲಿ ಆತನು ತನ್ನ ಮಗಳಾದ ಮಹಾಪ್ರಭೆಯನ್ನೂ ಆಕೆಯ ಕೂಸನ್ನೂ ಚಿತ್ರಿಸಿದನು. ತಾಯಿಯು ಕೂಸನ್ನೆತ್ತಿಕೊಂಡು, ಅಗೋ ಬರುತ್ತಿರುವ ತಂದೆಯನ್ನು ಅದಕ್ಕೆ ತೋರಿಸುತ್ತಾಳೆ. ಬಳಿಯಲ್ಲಿ ನಾಯಿಯೂ ಉಂಟು. ತಂದೆಯು ಮಾತ್ರ ಚಿತ್ರದಲ್ಲಿ ಕಾಣುವದಿಲ್ಲ. ಅದೇ ವರ್ಷ ಷಿಕಾಗೋ ಪ್ರದರ್ಶನಕ್ಕೆ ಹೋಗಿ ಬಹುಮಾನ ಪಡೆದ ಆತನ ಹತ್ತು ಚಿತ್ರಗಳಲ್ಲಿ ಇದೂ ಒಂದು.

ರವಿವರ್ಮನು 1906ರಲ್ಲಿ ಮೃತನಾದನು. ದುಡಿಮೆಗಾಗಿ ಘಟ್ಟದ ಕಾಫಿತೋಟಗಳಿಗೆ ಹೋಗುವ ತಂದೆಗಳೇ, ಬಾಗಿಲಲ್ಲಿ ನಿಮ್ಮ ದಾರಿ ನೋಡುವ ಕೂಸನ್ನು ಮರೆಯದಿರಿ.